ಡೂಮ್‌ಗೆ ಒಂದು ಲಾಂದ್ರ, ಒಂದು ಮುರುಕು ಕುರ್ಚಿ: ಸ್ಲೇಡ್‌ನಲ್ಲಿ ಪ್ಯಾಕ್ ಮಾಡಿದ ನನ್ನ ಅನುಭವ

ಡೂಮ್ ಎಂಬ ಹಳೆಯ ಶೂಟಿಂಗ್ ಆಟಕ್ಕೆ ನಾನೇ ಬರೆದ ಎರಡು ವಸ್ತುಗಳನ್ನು ಸೇರಿಸಬೇಕು ಅಂತ ಕೂತಿದ್ದೆ. ಒಂದು, ಕಂಬಕ್ಕೆ ತೂಗುಹಾಕಿದ ಲಾಂದ್ರ. ಇನ್ನೊಂದು, ಎಡಗಡೆ ಕಾಲು ಮುರಿದ ಮರದ ಕುರ್ಚಿ. ಚಿತ್ರ ಬರೆಯಲು ಎರಡು ಸಂಜೆ ಸಾಕಾಯಿತು. ಅವನ್ನು ಆಟ ಒಪ್ಪಿಕೊಳ್ಳುವ ಹಾಗೆ ಪ್ಯಾಕ್ ಮಾಡಲು ಮೂರು ವಾರ ಹಿಡಿಯಿತು. ಚಿತ್ರ ಹೇಗೆ ಬರೆಯಬೇಕು ಅಂತ ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ, ಆದರೆ ಪ್ಯಾಕ್ ಮಾಡುವ ಮಾತು ಬಂದಾಗ "ಫೋಲ್ಡರ್‌ಗೆ ಹಾಕಿ ಸೇವ್ ಮಾಡಿ" ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನನಗೆ ಕೆಲಸ ಇದ್ದದ್ದೇ ಅಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಬಳಸಿದ್ದು ಸ್ಲೇಡ್, ಡೂಮ್‌ನ ಫೈಲ್‌ಗಳನ್ನು ತೆರೆದು ತಿದ್ದುವ ಪ್ರೋಗ್ರಾಂ. ಡೂಮ್ ಹವ್ಯಾಸಿಗಳೇ ಕಟ್ಟಿದ್ದು, ಉಚಿತ, ಸೋರ್ಸ್ ಕೂಡ ಮುಕ್ತ. ಆಟ ಓಡಿಸಲು ಜಿಝೆಡ್‌ಡೂಮ್, ಹಳೆಯ ಡೂಮ್ ಅನ್ನು ಇಂದಿನ ಕಂಪ್ಯೂಟರ್‌ಗಳಲ್ಲಿ ಓಡಿಸುವ ಪ್ರೋಗ್ರಾಂ.

ಮೊದಲು ಹೆಸರಿನ ವಿಷಯ ಹೇಳಿಬಿಡುತ್ತೇನೆ. ಡೂಮ್ ಬಂದದ್ದು 1993ರ ಡಿಸೆಂಬರ್‌ನಲ್ಲಿ. ಆಟದ ಪ್ರೋಗ್ರಾಂ ಬೇರೆ, ಅದರ ಚಿತ್ರ, ಶಬ್ದ, ನಕ್ಷೆಗಳೆಲ್ಲ ಬೇರೆ ಅಂತ ಆಟ ಮಾಡಿದ ಐಡಿ ಸಾಫ್ಟ್‌ವೇರ್‌ನವರು ಆಗಲೇ ವಿಂಗಡಿಸಿಟ್ಟಿದ್ದರು. ಹಾಗೆ ಬೇರೆ ಇಟ್ಟ ಗಂಟೇ ವ್ಯಾಡ್ ಫೈಲ್. ಅದರ ಒಳಗೆ ಏನಿದೆ ಅಂತ ನೋಡಿದರೆ ಭಯಪಡುವಂಥದ್ದು ಏನೂ ಇಲ್ಲ. ಶುರುವಿಗೆ 12 ಬೈಟ್‌ನ ತಲೆಬರಹ, ಆಮೇಲೆ ಸರಕು, ಜೊತೆಗೆ ಒಂದು ಪಟ್ಟಿ. ಪಟ್ಟಿಯ ಒಂದೊಂದು ಸಾಲೂ 16 ಬೈಟ್: ಸರಕು ಎಲ್ಲಿ ಶುರುವಾಗುತ್ತದೆ ಅನ್ನಲು 4, ಎಷ್ಟು ದೊಡ್ಡದು ಅನ್ನಲು 4, ಹೆಸರಿಗೆ 8. ಆ 8 ಬೈಟ್‌ನಿಂದಲೇ ಹೆಸರು ಎಂಟು ಅಕ್ಷರ ಮೀರುವ ಹಾಗಿಲ್ಲ. ಈಗ ನಾವು ವ್ಯಾಡ್ ಬದಲು ಪಿಕೆ3 ಬಳಸುತ್ತೇವೆ, ಅದು ಮಾಮೂಲಿ ಜಿಪ್ ಫೈಲೇ, ಆದರೂ ಸ್ಪ್ರೈಟ್‌ಗಳ, ಅಂದರೆ ಆಟದೊಳಗೆ ವಸ್ತುವಾಗಿ ನಿಲ್ಲುವ ಚಿತ್ರಗಳ, ಹೆಸರಿಡುವ ಪದ್ಧತಿ ಮಾತ್ರ ಹಳೆಯದೇ ಉಳಿದಿದೆ. ಮೊದಲ ನಾಲ್ಕು ಅಕ್ಷರ ವಸ್ತುವಿನ ಹೆಸರು. ಐದನೆಯದು ಯಾವ ಫ್ರೇಮ್, ಅಂದರೆ ಚಲನೆಯ ಎಷ್ಟನೇ ಚಿತ್ರ ಅಂತ, ಎ, ಬಿ, ಸಿ ಹೀಗೆ. ಆರನೆಯದು ಯಾವ ಕೋನದಿಂದ ನೋಡಿದ್ದು ಅಂತ. ಎಲ್ಲ ಕಡೆಯಿಂದಲೂ ಒಂದೇ ಥರ ಕಾಣುವ ವಸ್ತುವಾದರೆ ಕೋನದ ಜಾಗದಲ್ಲಿ ಸೊನ್ನೆ.

ಲಾಂದ್ರಕ್ಕೆ ನಾನು ಇಟ್ಟ ನಾಲ್ಕಕ್ಷರ ಇಂಗ್ಲಿಷಿನ ಸಿ, ಎ, ಎನ್, ಡಿ. ಕ್ಯಾಂಡಲ್ ಅಂತ ನೆನಪಿರಲಿ ಎಂದು. ಪ್ಯಾಕ್ ಮಾಡಿ ಆಟ ಶುರುಮಾಡಿದರೆ ನನ್ನ ಲಾಂದ್ರ ಚೆನ್ನಾಗಿಯೇ ಬಂತು. ಆದರೆ ಮೂಲ ಆಟದ ಹಂತಗಳಲ್ಲಿ ನೆಲದ ಮೇಲಿದ್ದ ಪುಟ್ಟ ಮೇಣದಬತ್ತಿಗಳೆಲ್ಲ ಆಳೆತ್ತರದ ಲಾಂದ್ರಗಳಾಗಿ ನಿಂತಿದ್ದವು. ಮೂಲ ಆಟದ ಮೇಣದಬತ್ತಿಯ ಹೆಸರೂ ಅದೇ ನಾಲ್ಕಕ್ಷರ. ಒಂದೇ ಹೆಸರಿನ ಎರಡು ಚಿತ್ರ ಇದ್ದರೆ ಕೊನೆಗೆ ಲೋಡ್ ಆದದ್ದು ಮೊದಲಿನದನ್ನು ಮುಚ್ಚಿಬಿಡುತ್ತದೆ. ಇದು ದೋಷ ಅಲ್ಲ, ಬೇಕಂತಲೇ ಹಾಗೆ ಮಾಡಿದ್ದು. ಹಳೆ ಚಿತ್ರಗಳನ್ನು ಬದಲಿಸುವವರಿಗೆ ಅದೇ ದಾರಿ. ಹೊಸದನ್ನು ಸೇರಿಸುವವರಿಗೆ ಮಾತ್ರ ಅದೇ ಗುಂಡಿ. ಅಂದಿನಿಂದ ಹೆಸರಿಡುವ ಮೊದಲು ಮೂಲ ಆಟದ ವ್ಯಾಡ್ ಅನ್ನು ಸ್ಲೇಡ್‌ನಲ್ಲಿ ಪಕ್ಕದ ಟ್ಯಾಬ್‌ನಲ್ಲಿ ತೆರೆದಿಟ್ಟು, ಮೇಲಿನ ಫಿಲ್ಟರ್‌ನಲ್ಲಿ ಆ ನಾಲ್ಕಕ್ಷರ ಹೊಡೆದು ನೋಡುತ್ತೇನೆ. ಏನೂ ಸಿಗದಿದ್ದರೆ ಆ ಹೆಸರು ನನ್ನದು.

ಹೆಸರಿನ ನಂತರದ ವಿಷಯ ಆಫ್‌ಸೆಟ್. ಜಾಸ್ತಿ ಜನ ಕೈಬಿಡುವುದು ಇಲ್ಲೇ ಅಂತ ನನ್ನ ಅನಿಸಿಕೆ. ಆಟದಲ್ಲಿ ವಸ್ತು ಅಂದರೆ ನೆಲದ ಮೇಲಿನ ಒಂದು ಬಿಂದು ಅಷ್ಟೇ. ಚಿತ್ರದ ಯಾವ ಭಾಗ ಆ ಬಿಂದುವಿನ ಮೇಲೆ ಕೂರಬೇಕು ಅಂತ ನಾವೇ ಹೇಳಬೇಕು. ಅದನ್ನು ಹೇಳುವ ಎರಡು ಸಂಖ್ಯೆಗಳೇ ಆಫ್‌ಸೆಟ್, ಒಂದು ಅಡ್ಡ, ಒಂದು ಉದ್ದ. ಹೇಳದೆ ಬಿಟ್ಟರೆ ಎರಡೂ ಸೊನ್ನೆ, ಅಂದರೆ ಚಿತ್ರದ ಎಡ ಮೇಲ್ತುದಿ ಆ ಬಿಂದುವಿಗೆ ಅಂಟುತ್ತದೆ, ಉಳಿದ ಚಿತ್ರವೆಲ್ಲ ಅಲ್ಲಿಂದ ಬಲಕ್ಕೂ ಕೆಳಕ್ಕೂ ಇಳಿಯುತ್ತದೆ. ಆಫ್‌ಸೆಟ್ ಹಾಕದ ಮೊಟ್ಟಮೊದಲ ಪ್ರಯತ್ನದಲ್ಲಿ ನನ್ನ ಲಾಂದ್ರ ಪೂರ್ತಿ ನೆಲದೊಳಗೆ ಹೂತುಹೋಗಿತ್ತು. ಅರ್ಧ ದಿನ ನಾನು ವಸ್ತುವನ್ನು ವಿವರಿಸುವ ಸ್ಕ್ರಿಪ್ಟ್‌ನಲ್ಲೇ ತಪ್ಪು ಹುಡುಕುತ್ತಿದ್ದೆ.

ಲೆಕ್ಕ ಸುಲಭ. ಲಾಂದ್ರದ ಚಿತ್ರ 20 ಪಿಕ್ಸೆಲ್ ಅಗಲ, 60 ಎತ್ತರ. ಅಡ್ಡ ಆಫ್‌ಸೆಟ್ ಅಗಲದ ಅರ್ಧ, ಅಂದರೆ 10. ಉದ್ದ ಆಫ್‌ಸೆಟ್ ಪೂರ್ತಿ ಎತ್ತರ, ಅಂದರೆ 60. ಸ್ಲೇಡ್‌ನಲ್ಲಿ ಚಿತ್ರವನ್ನು ಸ್ಪ್ರೈಟ್ ನೋಟಕ್ಕೆ ಬದಲಿಸಿದರೆ ಅಡ್ಡ ಗೆರೆ, ಉದ್ದ ಗೆರೆ ಎರಡೂ ಕಾಣುತ್ತವೆ. ಕಂಬದ ಬುಡ ಅವು ಕೂಡುವ ಜಾಗದಲ್ಲಿ ಕೂತರೆ ಆಯಿತು. ಫ್ರೇಮ್‌ಗಳು ಹಲವು ಇದ್ದಾಗ ಎಲ್ಲವನ್ನೂ ಒಟ್ಟಿಗೆ ಆರಿಸಿ ಆಫ್‌ಸೆಟ್ ಬದಲಿಸುವ ಆಯ್ಕೆ ಇದೆ, ಆದರೆ ನನ್ನ ನಾಲ್ಕು ಫ್ರೇಮ್‌ಗಳ ಅಗಲ ಒಂದೇ ಆಗಿರಲಿಲ್ಲ. ಜ್ವಾಲೆ ಬಲಕ್ಕೆ ವಾಲಿದ ಫ್ರೇಮ್ ಉಳಿದವಕ್ಕಿಂತ ಎರಡು ಪಿಕ್ಸೆಲ್ ಹೆಚ್ಚು ಅಗಲ ಇತ್ತು. ಅರ್ಧ ಲೆಕ್ಕ ಹಾಕಿದ್ದರಿಂದ ಆ ಫ್ರೇಮ್ ಬಂದಾಗಲೆಲ್ಲ ಕಂಬ ಒಂದು ಪಿಕ್ಸೆಲ್ ಎಡಕ್ಕೆ ಹಾರುತ್ತಿತ್ತು. ಹಾಗಾಗಿ ಈಗ ಎಲ್ಲ ಫ್ರೇಮ್‌ಗಳನ್ನೂ ಒಂದೇ ಅಳತೆಯ ಹಾಳೆಯಲ್ಲಿ ಬರೆಯುತ್ತೇನೆ.

ಇನ್ನೊಂದು. ಪಿಎನ್‌ಜಿ ಚಿತ್ರದಲ್ಲಿ ಈ ಆಫ್‌ಸೆಟ್ ಒಂದು ಪುಟ್ಟ ತುಣುಕಾಗಿ ಫೈಲ್ ಒಳಗೇ ಕೂತಿರುತ್ತದೆ. ಡೂಮ್ ಲೋಕದ ಹೊರಗೆ ಅದರ ಅಗತ್ಯ ಯಾರಿಗೂ ಇಲ್ಲ. ಒಂದು ದಿನ ಬಣ್ಣ ತಿದ್ದಲು ಚಿತ್ರವನ್ನು ಪೇಂಟಿಂಗ್ ಪ್ರೋಗ್ರಾಂನಲ್ಲಿ ತೆರೆದು ಸೇವ್ ಮಾಡಿ, ಹಳೆಯದನ್ನು ಅಳಿಸಿ ಹೊಸದನ್ನು ಹಾಕಿದೆ. ಲಾಂದ್ರ ಮತ್ತೆ ನೆಲದೊಳಗೆ. ಸೇವ್ ಮಾಡುವಾಗ ಆ ತುಣುಕು ಬಿದ್ದುಹೋಗಿತ್ತು. ಈಗ ಆಫ್‌ಸೆಟ್ ಸಂಖ್ಯೆಗಳನ್ನೆಲ್ಲ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಟ್ಟಿರುತ್ತೇನೆ. ಬಣ್ಣ ತಿದ್ದಿದರೆ ಆಫ್‌ಸೆಟ್ ಮತ್ತೆ ಹಾಕಲೇಬೇಕು, ಬೇರೆ ದಾರಿ ಇಲ್ಲ.

ಆಕಾರದ ಬಗ್ಗೆಯೂ ಒಂದು ಮಾತು. ಲಾಂದ್ರದ ಗಾಜನ್ನು ನಾನು ದುಂಡಗೆ ಬರೆದಿದ್ದೆ, 12 ಅಗಲ, 12 ಎತ್ತರ. ಆಟದಲ್ಲಿ ಅದು ಮೊಟ್ಟೆಯ ಹಾಗೆ ಕಾಣುತ್ತಿತ್ತು. ಮೂಲ ಡೂಮ್ 320 ಅಡ್ಡ, 200 ಉದ್ದದ ಚಿತ್ರವನ್ನು 4:3 ಪರದೆಯ ತುಂಬ ಹರಡುತ್ತಿತ್ತು, ಹಾಗಾಗಿ ಒಂದೊಂದು ಪಿಕ್ಸೆಲ್ಲೂ ಅಗಲಕ್ಕಿಂತ 1.2 ಪಟ್ಟು ಎತ್ತರ. ಆ ಲೆಕ್ಕ ಇಂದಿಗೂ ಉಳಿದಿದೆ. ಗಾಜನ್ನು 12 ಅಗಲ, 10 ಎತ್ತರಕ್ಕೆ ಕುಗ್ಗಿಸಿದ ಮೇಲೆ ದುಂಡಗಾಯಿತು.

ಬಣ್ಣ ಅಷ್ಟು ಕಾಡಲಿಲ್ಲ. ಡೂಮ್‌ನ ಪ್ಯಾಲೆಟ್‌ನಲ್ಲಿ 256 ಬಣ್ಣ, ಕಂದು, ಕೆಂಪು, ಬೂದು ಧಾರಾಳ. ಲಾಂದ್ರಕ್ಕೂ ಮರದ ಕುರ್ಚಿಗೂ ಇನ್ನೇನು ಬೇಕು? ಎಡವಿದ್ದು ಅಂಚಿನಲ್ಲಿ. ಮೃದುವಾದ ಬ್ರಷ್‌ನಿಂದ ಬರೆದ ಅಂಚಿನಲ್ಲಿ ಅರ್ಧ ಪಾರದರ್ಶಕ ಪಿಕ್ಸೆಲ್‌ಗಳಿರುತ್ತವೆ. ಡೂಮ್‌ನ ಸ್ವಂತ ಚಿತ್ರ ರೂಪದಲ್ಲಿ ಅರ್ಧ ಅನ್ನುವುದು ಇಲ್ಲ, ಪಿಕ್ಸೆಲ್ ಇದೆ ಅಥವಾ ಇಲ್ಲ. ಸ್ಲೇಡ್‌ನಲ್ಲಿ ಆ ರೂಪಕ್ಕೆ ತಿರುಗಿಸಿದಾಗ ಲಾಂದ್ರದ ಸುತ್ತ ಕೊಳಕು ಗೆರೆ ಮೂಡಿತು. ಗಟ್ಟಿ ಅಂಚಿನ ಪೆನ್ಸಿಲ್ ಹಿಡಿದು ಅಂಚು ಪೂರ್ತಿ ಮತ್ತೆ ಬರೆದೆ.

ಚಿತ್ರದ ಕೆಲಸ ಮುಗಿದ ಮೇಲೆ ವಸ್ತು ಏನು, ಹೇಗೆ ನಡೆದುಕೊಳ್ಳಬೇಕು ಅಂತ ಆಟಕ್ಕೆ ತಿಳಿಸುವ ಡೆಕೊರೇಟ್ ಎಂಬ ಟೆಕ್ಸ್ಟ್ ಫೈಲ್. ಈಗ ಝಡ್‌ಸ್ಕ್ರಿಪ್ಟ್ ಬಂದಿದೆ, ಅದರಲ್ಲಿ ಇನ್ನೂ ಹೆಚ್ಚು ಸಾಧ್ಯ. ಆದರೆ ಸುಮ್ನೆ ನಿಂತಿರುವ ವಸ್ತುಗಳಿಗೆ ಡೆಕೊರೇಟ್ ಸಾಕು, ಓದಲೂ ಸುಲಭ. ವಸ್ತುವಿಗೆ ಒಂದು ಹೆಸರು, ನಕ್ಷೆಯ ಎಡಿಟರ್‌ಗೆ ಬೇಕಾದ ಒಂದು ಸಂಖ್ಯೆ, ರೇಡಿಯಸ್ (ನಡುವಿನಿಂದ ಅಂಚಿನವರೆಗಿನ ಅಳತೆ), ಎತ್ತರ, ಯಾವ ಫ್ರೇಮ್ ಎಷ್ಟು ಹೊತ್ತು ಅಂತ ನಾಲ್ಕು ಸಾಲು.

ಇಲ್ಲಿ ರೇಡಿಯಸ್ ಅನ್ನು ಬರೆಯದೆ ಬಿಡಬೇಡಿ. ಬರೆಯದಿದ್ದರೆ ಆಟ ತಾನೇ 20 ಅಂತ ಹಿಡಿಯುತ್ತದೆ. ನನ್ನ ಲಾಂದ್ರ ನಿಂತಿದ್ದು ಆಟದ ಅಳತೆಯಲ್ಲಿ 64 ಅಗಲದ ಓಣಿಯಲ್ಲಿ, ಗೋಡೆಯಿಂದ 16 ದೂರದಲ್ಲಿ. 16 ಮತ್ತು 20 ಕಳೆದರೆ ಉಳಿಯುವುದು 28. ಆಟಗಾರನ ರೇಡಿಯಸ್ 16, ಅವನಿಗೆ 32 ಜಾಗ ಬೇಕು. ಕಣ್ಣಿಗೆ ದಾರಿ ಧಾರಾಳವಾಗಿ ಕಾಣುತ್ತದೆ, ಕಾಲು ಮುಂದೆ ಹೋಗುವುದಿಲ್ಲ! ರೇಡಿಯಸ್ 10 ಮಾಡಿದೆ, 38 ಉಳಿಯಿತು, ನಾನು ದಾಟಿದೆ. ಆದರೆ ನನ್ನ ಹಿಂದೆ ಬರಬೇಕಿದ್ದ ಝಾಂಬಿಗಳು ಲಾಂದ್ರದ ಆಚೆಯೇ ನಿಂತುಬಿಟ್ಟವು. ಅವುಗಳ ರೇಡಿಯಸ್ 20, 40 ಜಾಗ ಬೇಕು. ಕೊನೆಗೆ 6 ಇಟ್ಟೆ. ಕಂಬದ ನಿಜವಾದ ದಪ್ಪಕ್ಕೂ ಅದೇ ಹತ್ತಿರ. ಚಿತ್ರದ ಅಗಲ ನೋಡಿ ರೇಡಿಯಸ್ ಇಡಬಾರದು, ಅದರ ಪಕ್ಕದಲ್ಲಿ ಯಾರು ಯಾರು ಹಾದುಹೋಗಬೇಕು ಅಂತ ನೋಡಿ ಇಡಬೇಕು.

ಲಾಂದ್ರದ ಜ್ವಾಲೆ ನನಗೆ ತುಂಬಾ ಇಷ್ಟವಾದ ಭಾಗ. ಡೂಮ್‌ನ ಗಡಿಯಾರ ಸೆಕೆಂಡಿಗೆ 35 ಬಾರಿ ಬಡಿಯುತ್ತದೆ, ಒಂದು ಬಡಿತಕ್ಕೆ ಒಂದು ಟಿಕ್. ನಾಲ್ಕು ಫ್ರೇಮ್‌ಗೂ ತಲಾ 5 ಟಿಕ್ ಕೊಟ್ಟಿದ್ದೆ. ಒಂದೇ ಲಾಂದ್ರ ಇದ್ದಾಗ ಚೆನ್ನಾಗಿತ್ತು. ಓಣಿಯುದ್ದಕ್ಕೂ ಆರು ಇಟ್ಟೆ ನೋಡಿ, ಆರೂ ಒಂದೇ ಕ್ಷಣದಲ್ಲಿ ಎಡಕ್ಕೆ, ಒಂದೇ ಕ್ಷಣದಲ್ಲಿ ಬಲಕ್ಕೆ ವಾಲಿದವು. ಬೆಂಕಿ ಅನ್ನಿಸಲೇ ಇಲ್ಲ. ಡೆಕೊರೇಟ್‌ನಲ್ಲಿ 5ರ ಬದಲು 3ರಿಂದ 7ರೊಳಗೆ ಯಾವುದಾದರೂ ಅಂತ ಬರೆಯಬಹುದು, ರ‍್ಯಾಂಡಮ್ ಅನ್ನುವ ಪದ ಹಾಕಿ ಬ್ರ್ಯಾಕೆಟ್‌ನಲ್ಲಿ ಎರಡು ಸಂಖ್ಯೆ. ಅಷ್ಟೇ ಬದಲಾಯಿಸಿದ್ದು. ಆಟ ಶುರುವಾದ ಎರಡು ಮೂರು ಸೆಕೆಂಡಿನಲ್ಲಿ ಆರೂ ಲಾಂದ್ರ ತಮ್ಮ ತಮ್ಮ ಲಯ ಹಿಡಿದವು. ಆ ಓಣಿಯಲ್ಲಿ ನಾನು ಎಷ್ಟೋ ಹೊತ್ತು ಸುಮ್ಮನೆ ನಿಂತಿದ್ದೆ.

ಕತ್ತಲಲ್ಲಿ ಜ್ವಾಲೆ ಹೊಳೆಯಲಿ ಅಂತ ಮೊದಲು ಬ್ರೈಟ್ ಅನ್ನುವ ಪದ ಸೇರಿಸಿದ್ದೆ. ಜ್ವಾಲೆಯ ಜೊತೆ ಮರದ ಕಂಬವೂ ಹೊಳೆಯಿತು. ಅದನ್ನು ತೆಗೆದು ಬ್ರೈಟ್‌ಮ್ಯಾಪ್ ಮಾಡಿದೆ: ಅದೇ ಅಳತೆಯ ಇನ್ನೊಂದು ಚಿತ್ರ, ಎಲ್ಲ ಕಪ್ಪು, ಜ್ವಾಲೆ ಇರುವ ಕಡೆ ಮಾತ್ರ ಬಿಳಿ. ನಾಲ್ಕು ಫ್ರೇಮ್‌ಗೆ ನಾಲ್ಕು ಬ್ರೈಟ್‌ಮ್ಯಾಪ್. ಬೇಸರದ ಕೆಲಸವೇ, ಆದರೆ ಮಾಡಿದ್ದಕ್ಕೆ ಫಲ ಇದೆ.

ಇನ್ನು ಕುರ್ಚಿ. ಕುರ್ಚಿಗೆ ಮುಂದು ಹಿಂದು ಇದೆಯಲ್ವಾ, ಹಾಗಾಗಿ ಎಂಟು ಕೋನ ಬೇಕು. 1 ಅಂದರೆ ಎದುರಿನಿಂದ, 5 ಅಂದರೆ ಹಿಂದಿನಿಂದ. ಎಂಟೂ ಬರೆಯುವ ಕಷ್ಟ ತಪ್ಪಿಸಲು ಆಟದಲ್ಲೇ ಒಂದು ಉಪಾಯ ಇದೆ. ಹೆಸರಿನ ಕೊನೆಗೆ ಎ2ಎ8 ಅಂತ ಹಾಕಿದರೆ ಅದೇ ಚಿತ್ರವನ್ನು ಕನ್ನಡಿಯಲ್ಲಿ ತಿರುಗಿಸಿದಂತೆ 8ನೇ ಕೋನಕ್ಕೂ ಬಳಸುತ್ತದೆ. ನಾಲ್ಕಕ್ಷರದ ಹೆಸರು, ಜೊತೆಗೆ ಈ ನಾಲ್ಕು, ಅಲ್ಲಿಗೆ ಎಂಟು ಅಕ್ಷರ ಸರಿಯಾಗಿ ಭರ್ತಿ. ಐದು ಚಿತ್ರದಲ್ಲಿ ಎಂಟು ಕೋನ ಮುಗಿಯುತ್ತದೆ. ನಾನೂ ಐದೇ ಬರೆದೆ. ಆಟದಲ್ಲಿ ಕುರ್ಚಿಯ ಸುತ್ತ ನಡೆಯುತ್ತಾ ಹೋದರೆ ಒಂದು ಬದಿಯಿಂದ ಎಡಗಾಲು ಮುರಿದಿದೆ, ಇನ್ನೊಂದು ಬದಿಗೆ ಹೋದರೆ ಎಡಗಾಲು ಸರಿಯಾಗಿದೆ, ಬಲಗಾಲು ಮುರಿದಿದೆ. ಕನ್ನಡಿ ಅಂದ ಮೇಲೆ ಹಾಗೆ ಆಗಲೇಬೇಕು. ಎರಡೂ ಬದಿ ಸಮ ಇರುವ ವಸ್ತುವಿಗೆ ಮಾತ್ರ ಈ ಉಪಾಯ. ಉಳಿದ ಮೂರು ಕೋನವನ್ನೂ ಕೂತು ಬರೆದೆ, ಹೆಸರುಗಳನ್ನು ಒಡೆದು ಎಂಟು ಫೈಲ್ ಮಾಡಿದೆ.

ಗುಂಡು ತಾಗಿದರೆ ಕುರ್ಚಿ ಪುಡಿಯಾಗಬೇಕು ಅಂತ ಆಸೆ ಇತ್ತು. ಅದಕ್ಕೆ ಶೂಟಬಲ್ ಅನ್ನುವ ಗುರುತು ಹಾಕಿ, 20 ಹೆಲ್ತ್ ಕೊಟ್ಟೆ. ಗುಂಡು ಹಾರಿಸಿದರೆ ಕುರ್ಚಿಯಿಂದ ರಕ್ತ ಚಿಮ್ಮಿತು. ನೋಬ್ಲಡ್ ಗುರುತನ್ನೂ ಸೇರಿಸಬೇಕು. ಪುಡಿಯಾದ ಮೇಲೂ ಆ ಜಾಗದಲ್ಲಿ ಕಾಣದ ಗೋಡೆ ಇದ್ದ ಹಾಗೆ ತಡೆಯುತ್ತಿತ್ತು. ಸಾಯುವ ಫ್ರೇಮ್‌ಗಳ ಸಾಲಿನಲ್ಲಿ ಎ ನೋಬ್ಲಾಕಿಂಗ್ ಅಂತ ಕರೆದ ಮೇಲೆ ದಾರಿ ಬಿಟ್ಟಿತು. ಕೊನೆಯ ಫ್ರೇಮ್‌ಗೆ ಟಿಕ್ ಜಾಗದಲ್ಲಿ ಮೈನಸ್ 1 ಕೊಟ್ಟರೆ ಮರದ ಚೂರುಗಳು ಹಾಗೇ ಬಿದ್ದಿರುತ್ತವೆ.

ಪ್ಯಾಕ್ ಕಟ್ಟುವುದು ಈಗ ಹೀಗೆ. ಸ್ಲೇಡ್‌ನಲ್ಲಿ ಹೊಸ ಜಿಪ್ ಆರ್ಕೈವ್, ಒಳಗೆ ಸ್ಪ್ರೈಟ್ಸ್ ಎಂಬ ಫೋಲ್ಡರ್, ಬ್ರೈಟ್‌ಮ್ಯಾಪ್‌ಗಳಿಗೆ ಒಂದು ಫೋಲ್ಡರ್, ಹೊರಗೆ ಡೆಕೊರೇಟ್. ಸ್ಪ್ರೈಟ್‌ಗಳನ್ನು ಫೋಲ್ಡರ್‌ನ ಹೊರಗೆ ಬಿಟ್ಟರೆ ಆಟ ಅವನ್ನು ಸ್ಪ್ರೈಟ್ ಅಂತ ಗುರುತಿಸುವುದಿಲ್ಲ. ವ್ಯಾಡ್ ಆಗಿದ್ದರೆ ಫೋಲ್ಡರ್ ಬದಲು ಎಸ್ ಸ್ಟಾರ್ಟ್, ಎಸ್ ಎಂಡ್ ಎಂಬ ಎರಡು ಗುರುತುಗಳ ನಡುವೆ ಇಡಬೇಕು. ಎಡಿಟರ್ ಸಂಖ್ಯೆ ಮೂಲ ಆಟದ್ದಕ್ಕೆ ತಾಗದಿರಲಿ ಅಂತ 22001ರಿಂದ ಶುರುಮಾಡಿದ್ದೇನೆ.

ಮೊದಲ ಸಲ ಒಬ್ಬ ಗೆಳೆಯನಿಗೆ ಕಳಿಸಿದಾಗ ಓಣಿಯಲ್ಲಿ ಲಾಂದ್ರ ಒಂದೂ ಇಲ್ಲ, ಬರೀ ಆಶ್ಚರ್ಯಸೂಚಕ ಚಿಹ್ನೆಗಳು ನಿಂತಿವೆ ಅಂದ. ನಕ್ಷೆ ಬೇರೆ ಫೈಲ್, ವಸ್ತುಗಳು ಬೇರೆ ಫೈಲ್ ಆಗಿತ್ತು, ಅವನು ನಕ್ಷೆಯನ್ನಷ್ಟೇ ತೆರೆದಿದ್ದ. ಗೊತ್ತಿಲ್ಲದ ಸಂಖ್ಯೆ ಸಿಕ್ಕಿದ ಕಡೆ ಜಿಝೆಡ್‌ಡೂಮ್ ಆ ಚಿಹ್ನೆ ಇಡುತ್ತದೆ. ಈಗ ನಕ್ಷೆಯನ್ನೂ ಅದೇ ಪಿಕೆ3 ಒಳಗೆ ಹಾಕಿ ಒಂದೇ ಫೈಲ್ ಕೊಡುತ್ತೇನೆ.

ಅದರ ಜೊತೆ ಒಂದು ಟೆಕ್ಸ್ಟ್ ಫೈಲ್ ಇರುತ್ತದೆ: ಯಾವ ಚಿತ್ರ ಯಾರದ್ದು, ಬೇರೆಯವರು ತೆಗೆದುಕೊಂಡು ತಿದ್ದಬಹುದೇ ಅಂತ. ಡೂಮ್‌ನ ಸೋರ್ಸ್ ಕೋಡ್ 1997ರಲ್ಲೇ ಹೊರಬಂದಿದೆ, ಆದರೆ ಆಟದ ಚಿತ್ರಗಳು ಇಂದಿಗೂ ಮುಕ್ತ ಅಲ್ಲ. ಕುರ್ಚಿಯ ಚೂರುಗಳಿಗೆ ನಾನು ಮೊದಲು ಮೂಲ ಆಟದ ಒಂದು ಮರದ ಟೆಕ್ಸ್ಚರ್‌ನಿಂದ (ಗೋಡೆಗೆ ಹೊದಿಸುವ ಚಿತ್ರದಿಂದ) ತುಂಡು ಕತ್ತರಿಸಿ ಅಂಟಿಸಿದ್ದೆ. ಅದನ್ನು ತೆಗೆದು, ಡೂಮ್‌ಗೆ ಮುಕ್ತ ಚಿತ್ರ, ಶಬ್ದಗಳನ್ನು ಮಾಡಿಕೊಡುವ ಫ್ರೀಡೂಮ್ ಯೋಜನೆಯ ಮರದ ಟೆಕ್ಸ್ಚರ್ ಹಾಕಿದೆ, ಅದರ ಪರವಾನಗಿ ಪಠ್ಯವನ್ನೂ ಪ್ಯಾಕ್ ಒಳಗೇ ಇಟ್ಟೆ. ಲಾಂದ್ರವನ್ನು ಯಾರು ಬೇಕಾದರೂ ತಮ್ಮ ನಕ್ಷೆಯಲ್ಲಿ ಇಟ್ಟುಕೊಳ್ಳಬಹುದು ಅಂತ ಅದೇ ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿದ್ದೇನೆ. ನಾಲ್ಕೂ ಫ್ರೇಮ್‌ನ ಆಫ್‌ಸೆಟ್ ಸಂಖ್ಯೆಗಳು ಅದರ ಕೊನೆಯಲ್ಲಿವೆ.