ಹಳೆಯ ಬ್ರೂಚ್: ಮೊದಲು ಹಿಂಬದಿ ನೋಡುತ್ತೇನೆ

ಹಳೆಯ ಬ್ರೂಚ್ (ಉಡುಪಿಗೆ ಚುಚ್ಚಿಕೊಳ್ಳುವ ಅಲಂಕಾರದ ಪಿನ್) ಕೈಗೆ ಸಿಕ್ಕಿದೊಡನೆ ನಾನು ಅದನ್ನು ಮಗುಚಿ ಹಿಂಬದಿಯನ್ನು ನೋಡುತ್ತೇನೆ. ಅದನ್ನು ಎಷ್ಟು ಬಗೆಯಲ್ಲಿ ತೊಡಬಹುದು ಎಂಬ ಗುಟ್ಟೆಲ್ಲ ಅಲ್ಲಿನ ಕೀಲು, ಕೊಕ್ಕೆಗಳಲ್ಲಿದೆ.

ನನಗೆ ಅತಿ ಪ್ರಿಯವಾದದ್ದು ಜೋಡಿ ಕ್ಲಿಪ್. ಫ್ರಾನ್ಸಿನ ಆಭರಣ ಸಂಸ್ಥೆ ಕಾರ್ಟಿಯೇ 1927ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು; 1930ರ ದಶಕದಲ್ಲಿ ಅಮೆರಿಕದ ಕೋರೋ ಸಂಸ್ಥೆಯ 'ಡ್ಯುಯೆಟ್' ಎಂಬ ಜೋಡಿ ಕ್ಲಿಪ್ ಇದೇ ಉಪಾಯವನ್ನು ಅಗ್ಗದ ಆಭರಣಗಳಿಗೂ ತಂದಿತು. ಎರಡು ಕ್ಲಿಪ್‌ಗಳು ಒಂದು ಚೌಕಟ್ಟಿನೊಳಗೆ ಜಾರಿ ಕೂತರೆ ದೊಡ್ಡ ಬ್ರೂಚ್. ಬಿಡಿಸಿದರೆ ಎರಡು ಬಿಡಿ ಒಡವೆಗಳು. ಚೌಕ ಕತ್ತಿನ ಉಡುಪಿನ ಎರಡೂ ಮೂಲೆಗಳಿಗೆ ಒಂದೊಂದನ್ನು ಸಿಕ್ಕಿಸುವುದು ಇವುಗಳ ಹಳೆಯ ಕ್ರಮ. ನಾನು ಹೆಚ್ಚಾಗಿ ಎರಡನ್ನೂ ಒಂದೇ ಬದಿಯಲ್ಲಿ, ಒಂದರ ಕೆಳಗೊಂದು ಓರೆಯಾಗಿ ಹಾಕುತ್ತೇನೆ. ಸಮಸಮವಾಗಿ ಹಾಕಿದಾಗ ಬರುವ ಬಿಗುಮಾನ ಆಗ ಇರುವುದಿಲ್ಲ.

ಚಪ್ಪಟೆ ಬೆನ್ನಿನ ಕ್ಲಿಪ್‌ಗೆ ಕಚ್ಚಿಕೊಳ್ಳಲು ಬಟ್ಟೆಯ ಅಂಚು ಬೇಕೇ ಬೇಕು. ಬಟ್ಟೆ ತೆಳುವಾಗಿದ್ದರೆ ಒಳಗಡೆ ರಿಬ್ಬನ್ ತುಂಡೊಂದನ್ನು ಸೇರಿಸುತ್ತೇನೆ. ಎರಡು ಉದ್ದ ಮುಳ್ಳುಗಳಿರುವ ಫರ್ ಕ್ಲಿಪ್‌ನ ಜಾತಿಯೇ ಬೇರೆ. ಅದು ದಪ್ಪ ಉಣ್ಣೆಯ ಕೋಟಿಗೆ, ಟೋಪಿಗೆ ಸರಿ. ರೇಷ್ಮೆಯ ಹತ್ತಿರ ಸುಳಿಯಲೂ ಬಾರದು.

ಮೇಲ್ತುದಿಯಲ್ಲಿ ಸರ ಪೋಣಿಸಲು ಮಡಚುವ ಪುಟ್ಟ ಬಳೆಯಿದ್ದರೆ ಆ ಬ್ರೂಚ್ ಪದಕವೂ ಹೌದು. ಇಲ್ಲದಿದ್ದರೆ ಪಿನ್ನಿಗೆ ತೂರಿಸುವ, ಬಳೆಯಿರುವ ಸಣ್ಣ ಕೊಳವೆ ಸಿಗುತ್ತದೆ. ಪಿನ್ ಅಡ್ಡಲಾಗಿದ್ದು, ಮೇಲಂಚಿಗೆ ಹತ್ತಿರವಿದ್ದರೆ ಮಾತ್ರ ನಾನು ಅದನ್ನು ಬಳಸುತ್ತೇನೆ. ಪಿನ್ ನಡುವಿನಲ್ಲಿದ್ದರೆ ಪದಕ ಮುಂದಕ್ಕೆ ಬಾಗುತ್ತದೆ; ಉದ್ದುದ್ದವಾಗಿದ್ದರೆ ಇಡೀ ವಿನ್ಯಾಸ ಪಕ್ಕಕ್ಕೆ ಮಲಗುತ್ತದೆ. ಕೊಕ್ಕೆಗೆ ಬೀಗವಿಲ್ಲದ ತೀರಾ ಹಳೆಯವನ್ನು ಸರಕ್ಕೆ ಹಾಕುವುದೇ ಇಲ್ಲ. ಅವುಗಳನ್ನು ಕಾಲರಿಗೆ ಚುಚ್ಚಿ, ಪಿನ್ನಿನ ತುದಿಗೆ ರಬ್ಬರ್ ತಡೆ ಸಿಕ್ಕಿಸುತ್ತೇನೆ.

ಪದಕವಾಗಿಸುವ ಆಸೆಗೆ ಹೊಸ ಬಳೆಯನ್ನು ಬೆಸುಗೆ ಹಾಕಿಸುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಗಾಜಿನ ಹರಳುಗಳ ಹಿಂದಿನ ಬೆಳ್ಳಿತಗಡು, ಅಂಟು, ಲೇಪ ಯಾವುದೂ ಆ ಬಿಸಿಯನ್ನು ತಾಳುವುದಿಲ್ಲ.

ಭಾರದ ಬ್ರೂಚ್ ತೊಡುವಾಗ ಬಟ್ಟೆಯ ಒಳಬದಿಗೆ ಫೆಲ್ಟ್ (ಒತ್ತಿ ಮಾಡಿದ ದಪ್ಪ ಬಟ್ಟೆ) ತುಂಡಿಟ್ಟು, ಎರಡನ್ನೂ ಸೇರಿಸಿ ಚುಚ್ಚುತ್ತೇನೆ, ಬಟ್ಟೆ ಜೋಲುವುದಿಲ್ಲ. ಜಾಗ ಕಾಲರ್ ಮೂಳೆಯ ಆಸುಪಾಸು. ಎದೆಯ ಮಟ್ಟಕ್ಕಿಂತ ಅಲ್ಲಿ ಬೆಳಕು ಚೆನ್ನಾಗಿ ಬೀಳುತ್ತದೆ, ಕೈಚೀಲದ ಪಟ್ಟಿ ಉಜ್ಜದಂತೆ ಇನ್ನೊಂದು ಭುಜದ ಕಡೆಗೆ ಹಾಕಿಕೊಂಡರಾಯಿತು.