ಸಿರಿಂಜನ್ನು ನಿಧಾನವಾಗಿ ತಳ್ಳಿ ನೋಡಿ: ಕೈ ಸ್ಪೈರೋಮೀಟರ್ ಪರೀಕ್ಷಿಸಿದ ನನ್ನ ಅನುಭವ

ಕಟ್ಟಿಗೆ ಒಲೆಯ ಮುಂದೆ ಅರ್ಧ ಆಯುಷ್ಯ ಕಳೆದ ಹೆಂಗಸೊಬ್ಬರು ದಮ್ಮು ಅಂತ ಬಂದರು ಎಂದಿಟ್ಟುಕೊಳ್ಳಿ. ಶ್ವಾಸನಾಳ ಹಿಗ್ಗಿಸುವ ಔಷಧಿ ಎಳೆಸಿ, ಊದಿದ ಗಾಳಿಯನ್ನು ಅಳೆಯುವ ಮೆಷಿನ್ ಆದ ಸ್ಪೈರೋಮೀಟರಿಗೆ ಊದಿಸಿದಾಗ ಮೊದಲ ಸೆಕೆಂಡಿಗೆ 1.50 ಲೀಟರ್, ಒಟ್ಟು 2.25 ಲೀಟರ್ ಬಂತು. ಮೊದಲ ಸೆಕೆಂಡಿನದನ್ನು ಒಟ್ಟಿನಿಂದ ಭಾಗಿಸಿದರೆ ಅನುಪಾತ 0.67. ಗೆರೆ ಇರುವುದು 0.70ರಲ್ಲಿ, ಇದು ಅದಕ್ಕಿಂತ ಕಡಿಮೆ, ಹಾಗಾಗಿ ಇದು ಸಿಒಪಿಡಿಯ, ಅಂದರೆ ಶ್ವಾಸನಾಳ ಕಿರಿದಾಗಿ ಉಸಿರು ಹೊರಹೋಗಲು ಕಷ್ಟವಾಗುವ ದೀರ್ಘಕಾಲದ ಕಾಯಿಲೆಯ ಲಕ್ಷಣ. ಅದೇ ಉಸಿರಿನ ಕೊನೆಯ 150 ಮಿ.ಲೀ. ಗಾಳಿಯನ್ನು ಮೆಷಿನ್ ಲೆಕ್ಕಕ್ಕೇ ಹಿಡಿಯಲಿಲ್ಲ ಅನ್ನಿ. ಒಟ್ಟು 2.10 ಆಗುತ್ತದೆ, ಅನುಪಾತ 0.71ಕ್ಕೆ ಏರುತ್ತದೆ. ಸಣ್ಣ ಲೋಟದ ಚಾದಷ್ಟು ಗಾಳಿ ತಪ್ಪಿಹೋಗಿದ್ದಕ್ಕೆ ಅವರು 'ನಾರ್ಮಲ್' ಎಂಬ ಕಾಗದ ಹಿಡಿದು ಮನೆಗೆ ಹೋಗುತ್ತಾರೆ, ಮರುದಿನ ಮತ್ತೆ ಅದೇ ಒಲೆ ಊದುತ್ತಾರೆ.

ಕಾರವಾರದಲ್ಲಿ ಶ್ವಾಸಕೋಶ ಪರೀಕ್ಷೆಯ ಟೆಕ್ನಿಷಿಯನ್ ಆಗಿ ನಾನು ಮಾಡುವ ಕೆಲಸದಲ್ಲಿ ಈ 150 ಮಿ.ಲೀ.ಗೆ ಕಾವಲು ಕೂರುವುದೇ ದೊಡ್ಡ ಪಾಲು. ಮಾಜಾಳಿಯಿಂದ ಅಂಕೋಲಾದವರೆಗೆ, ಒಮ್ಮೊಮ್ಮೆ ಘಟ್ಟ ಹತ್ತಿ ಶಿರಸಿಯ ಕಡೆಗೂ ಕ್ಯಾಂಪಿಗೆ ಹೋಗುತ್ತೇವೆ. ದೊಡ್ಡ ಮೆಷಿನ್ ಹೊತ್ತೊಯ್ಯಲು ಆಗುವುದಿಲ್ಲ, ಅಂಗೈಯಗಲದ ಸ್ಪೈರೋಮೀಟರೇ ಗತಿ. ಚೆನ್ನಾಗಿ ನೋಡಿಕೊಂಡರೆ ಅವು ಒಳ್ಳೆಯ ಸಾಧನಗಳು. ಪರೀಕ್ಷಿಸದೆ ಮಾತ್ರ ನಾನು ಯಾವುದನ್ನೂ ನಂಬುವುದಿಲ್ಲ.

ಪರೀಕ್ಷೆಗೆ ಬೇಕಾದದ್ದು 3 ಲೀಟರಿನ ಕ್ಯಾಲಿಬ್ರೇಷನ್ ಸಿರಿಂಜ್, ಅಂದರೆ ಮೆಷಿನ್ ಸರಿಯಾಗಿ ಅಳೆಯುತ್ತದೆಯೇ ಎಂದು ನೋಡಲು ಪ್ರತಿ ಸಲ 3 ಲೀಟರ್ ಗಾಳಿ ತಳ್ಳುವ ದೊಡ್ಡ ಪಿಚಕಾರಿ. ಅಮೆರಿಕದ ಮತ್ತು ಯುರೋಪಿನ ಶ್ವಾಸಕೋಶ ವೈದ್ಯರ ಸಂಘಗಳು ಸೇರಿ 2019ರಲ್ಲಿ ಹೊರತಂದ ಮಾನದಂಡದ ಪ್ರಕಾರ ಶೇ. 3ರಷ್ಟು ಆಚೀಚೆ ನಡೆಯುತ್ತದೆ, ಅಂದರೆ 2.91ರಿಂದ 3.09 ಲೀಟರ್. ದಿನಾ ನೋಡಬೇಕು, ಮೂರು ಬೇರೆ ಬೇರೆ ವೇಗದಲ್ಲಿ ತಳ್ಳಿ ನೋಡಬೇಕು. ಬಹಳ ಕಡೆ ಜೋರಾಗಿ ಒಂದು ಸಲ ತಳ್ಳಿ, 3.01 ಬಂತು ಎಂದು ಪುಸ್ತಕದಲ್ಲಿ ಬರೆದು ಮುಗಿಸುವುದನ್ನು ಕಂಡಿದ್ದೇನೆ. ಅದು ಸಾಲದು. ಮೆಷಿನ್ ಹದ ತಪ್ಪುವುದು ನಿಧಾನದ ಉಸಿರಿನಲ್ಲಿ. ಸಿಒಪಿಡಿ ಇದ್ದವರ ಉಸಿರು ಕೊನೆಕೊನೆಗೆ ಎಳೆಯುವುದೂ ಹಾಗೆ ನಿಧಾನವಾಗಿಯೇ.

ನಮ್ಮ ಒಂದು ಸಾಧನದ ಉದಾಹರಣೆ ಹೇಳುತ್ತೇನೆ. ಅದು ಟರ್ಬೈನ್ ಇರುವಂಥದ್ದು: ಕೊಳವೆಯೊಳಗೆ ಹಗುರವಾದ ರೆಕ್ಕೆಯೊಂದು ಉಸಿರಿಗೆ ತಿರುಗುತ್ತದೆ, ಅದು ಇನ್‌ಫ್ರಾರೆಡ್ ಬೆಳಕನ್ನು ಎಷ್ಟು ಸಲ ಅಡ್ಡಗಟ್ಟಿತು ಎಂದು ಎಣಿಸಿ ಗಾಳಿಯ ಲೆಕ್ಕ ಹಾಕುತ್ತದೆ. ಒಂದು ಸೆಕೆಂಡಿನೊಳಗೆ ತಳ್ಳಿದಾಗ 3.02 ಬಂತು. ಮಧ್ಯಮ ವೇಗಕ್ಕೆ 2.97. ಆರು ಸೆಕೆಂಡು ಹಿಡಿದು ಮೆತ್ತಗೆ ತಳ್ಳಿದಾಗ 2.78! ಟರ್ಬೈನ್ ಬಿಚ್ಚಿ ಟಾರ್ಚ್ ಬಿಟ್ಟು ನೋಡಿದೆ. ರೆಕ್ಕೆಯ ಅಚ್ಚಿಗೆ ಒಂದು ಕೂದಲೆಳೆ ಸುತ್ತಿಕೊಂಡಿತ್ತು, ಅದರ ಮೇಲೆ ಒಣಗಿದ ಕಫದ ಸಣ್ಣ ಪದರ. ಜೋರು ಗಾಳಿಗೆ ಆ ತಡೆ ಲೆಕ್ಕಕ್ಕಿಲ್ಲ. ಮೆತ್ತಗಿನ ಗಾಳಿಗೆ ರೆಕ್ಕೆ ಅಲ್ಲೇ ನಿಂತುಬಿಡುತ್ತಿತ್ತು. ನಲ್ಲಿ ನೀರಿನ ರಭಸಕ್ಕೆ ಹಿಡಿದರೆ ರೆಕ್ಕೆ ಹಾಳಾಗುತ್ತದೆ. ಹಾಗಾಗಿ ತಯಾರಕರು ಹೇಳಿದ ದ್ರಾವಣದಲ್ಲಿ ನೆನೆಸಿ, ನಿಂತ ನೀರಲ್ಲಿ ಅದ್ದಿ, ಒಣಗಿಸಿ ಮತ್ತೆ ತಳ್ಳಿದೆ. ಮೂರೂ ವೇಗಕ್ಕೆ ಸರಿ ಬಂತು.

ಗಾಳಿಯ ಒತ್ತಡದ ವ್ಯತ್ಯಾಸದಿಂದ ಅಳೆಯುವ ಸಾಧನಗಳ ಕಷ್ಟವೇ ಬೇರೆ. ಊದುವ ಮೊದಲು ಅವು 'ಸೊನ್ನೆ' ಹಿಡಿಯುತ್ತವೆ. ಆ ಹೊತ್ತಿಗೆ ಕೈ ಅಲುಗಿದರೆ, ಫ್ಯಾನಿನ ಗಾಳಿ ಬಡಿದರೆ ಸೊನ್ನೆಯೇ ತಪ್ಪು. ಸೆಕೆಂಡಿಗೆ ಬರೀ 20 ಮಿ.ಲೀ. ತಪ್ಪಿದರೂ ಆರು ಸೆಕೆಂಡಿಗೆ 120 ಮಿ.ಲೀ. ಆಯಿತು. 3 ಲೀಟರ್ ಇದ್ದದ್ದು 3.12 ತೋರಿಸುತ್ತದೆ. ಇದೂ ಒಂದೇ ಸೆಕೆಂಡಿನಲ್ಲಿ ತಳ್ಳಿದರೆ ಕಣ್ಣಿಗೆ ಬೀಳುವುದಿಲ್ಲ. ನಮ್ಮ ಕರಾವಳಿಯ ಸೆಖೆಗೆ ಶಾಲೆಯ ಕೋಣೆಯಲ್ಲಿ ಫ್ಯಾನಿಲ್ಲದೆ ಕೂರುವುದು ಸುಲಭವಲ್ಲ. ಆದರೂ "ಅಕ್ಕೋರೇ, ಐದ್ ನಿಮಿಷ ಫ್ಯಾನ್ ಬಂದ್ ಇರ್ಲಿ" ಎಂದು ಕೇಳಿಕೊಳ್ಳುತ್ತೇನೆ. ಕಾರಣ ಹೇಳಿದರೆ ಯಾರೂ ಬೇಡ ಅನ್ನುವುದಿಲ್ಲ.

ಸೆಖೆಯ ಮಾತು ಬಂತಲ್ಲ, ಉಷ್ಣತೆಯನ್ನೂ ನೋಡಬೇಕು. ಎದೆಯೊಳಗಿನ ಗಾಳಿ 37 ಡಿಗ್ರಿಯಲ್ಲಿ, ಪೂರ್ತಿ ತೇವದಲ್ಲಿ ಇರುತ್ತದೆ. ಹೊರಬಂದು ತಣಿದಾಗ ಕುಗ್ಗುತ್ತದೆ. ಅದಕ್ಕೆ ಮೆಷಿನ್ ಒಂದು ಗುಣಕದಿಂದ ತಿದ್ದುಪಡಿ ಮಾಡುತ್ತದೆ: 25 ಡಿಗ್ರಿಗೆ ಸುಮಾರು 1.075, 30 ಡಿಗ್ರಿಗೆ 1.045. ಕೋಣೆ 30 ಡಿಗ್ರಿ ಇದ್ದು ಮೆಷಿನ್ 25 ಎಂದೇ ತಿಳಿದಿದ್ದರೆ ಅಲ್ಲೇ ಶೇ. 3ರ ಹತ್ತಿರ ಹೋಯಿತು. ಹಾಗಾಗಿ ಸಾಧನದ ಸೆನ್ಸರನ್ನು ಗೋಡೆಯ ಥರ್ಮಾಮೀಟರಿಗೆ ಹೋಲಿಸಿ ನೋಡುತ್ತೇನೆ. ಸಿರಿಂಜಿನ ಗಾಳಿಗೆ ಮಾತ್ರ ಈ ತಿದ್ದುಪಡಿ ಬೇಡ. ಮೆಷಿನಿನ ಕ್ಯಾಲಿಬ್ರೇಷನ್ ಮೋಡ್‌ಗೆ ಹೋಗದೆ ರೋಗಿಯ ಮೋಡ್‌ನಲ್ಲೇ ತಳ್ಳಿದರೆ 30 ಡಿಗ್ರಿಯಲ್ಲಿ 3.13 ಬರುತ್ತದೆ, ಸರಿಯಿದ್ದ ಮೆಷಿನ್ ಕೆಟ್ಟಿದೆ ಎಂದು ಮೂಲೆಗೆ ಸೇರುತ್ತದೆ. ಕುಮಟಾದಿಂದ ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದ ದಿನ ಸಿರಿಂಜು, ಸಾಧನ ಎರಡನ್ನೂ ಚೀಲದಿಂದ ಹೊರಗಿಟ್ಟು, ಕೋಣೆಯ ಹವೆಗೆ ಹೊಂದಿಕೊಂಡ ಮೇಲೆಯೇ ಶುರುಮಾಡುತ್ತೇನೆ.

ಸಿರಿಂಜನ್ನೂ ಕಣ್ಣುಮುಚ್ಚಿ ನಂಬಬಾರದು. ತಿಂಗಳಿಗೊಮ್ಮೆ ಅದರ ಬಾಯಿ ಮುಚ್ಚಿ ಹಿಡಿದು ತಳ್ಳಿ, ಸೋರುತ್ತದೆಯೇ ನೋಡುತ್ತೇನೆ. ಕೆಳಗೆ ಬಿದ್ದದ್ದಾದರೆ ಮತ್ತೆ ಪ್ರಮಾಣೀಕರಿಸದೆ ಬಳಸುವುದಿಲ್ಲ. ರೋಗಿಗೆ ಫಿಲ್ಟರ್ ಹಾಕಿ ಊದಿಸುವುದಾದರೆ ಸಿರಿಂಜಿಗೂ ಅದೇ ಫಿಲ್ಟರ್ ಹಾಕಿಯೇ ಪರೀಕ್ಷೆ.

ಸಿರಿಂಜ್ ಎಷ್ಟಾದರೂ ಕೋಣೆಯ ಗಾಳಿ ತಳ್ಳುವ ಕೊಳವೆ. ಮನುಷ್ಯನ ಬಿಸಿ, ಒದ್ದೆ ಉಸಿರಿಗೆ ಮೆಷಿನ್ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಲು ವಾರಕ್ಕೊಮ್ಮೆ ನಾನೇ ಊದುತ್ತೇನೆ. ಬೀಡಿ ಸಿಗರೇಟಿಲ್ಲದ, ಉಬ್ಬಸವಿಲ್ಲದ ನನ್ನ ಎದೆಯ ಅಂಕಿ ಎಲ್ಲಿಂದ ಎಲ್ಲಿಯವರೆಗೆ ಆಡುತ್ತದೆ ಎಂಬುದು ನನ್ನ ಪುಸ್ತಕದಲ್ಲಿದೆ. ಅದರ ಹೊರಗೆ ಬಂದರೆ, ನೆಗಡಿಯೂ ಇಲ್ಲವೆಂದರೆ, ಆ ದಿನ ಮೆಷಿನ್ ಪಕ್ಕಕ್ಕೆ.

ಬೈತಖೋಲದ ಹಿರಿಯ ಮೀನುಗಾರರೊಬ್ಬರು ಕ್ಯಾಂಪಿನಲ್ಲೂ ಊದಿ, ಆಮೇಲೆ ನಮ್ಮ ಲ್ಯಾಬಿಗೂ ಬಂದು ಊದಿ ಕೇಳಿದ್ದರು: "ತಮ್ಮಾ, ಅಲ್ಲೊಂದು ಬಂತು, ಇಲ್ಲೊಂದು ಬಂತು. ಯಾವ್ದು ಖರೆ?" ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಕೊಡಲೆಂದೇ ಒಬ್ಬರನ್ನೇ ಎರಡೂ ಮೆಷಿನಿನಲ್ಲಿ ಊದಿಸಿ ಹೋಲಿಸುತ್ತೇನೆ. ಎರಡನೇ ಸರದಿಗೆ ದಣಿವು ಇರುತ್ತದೆ, ಆದ್ದರಿಂದ ಒಬ್ಬರಿಗೆ ಇದು ಮೊದಲು, ಇನ್ನೊಬ್ಬರಿಗೆ ಅದು ಮೊದಲು. ಒಂದೇ ಮೆಷಿನಿನಲ್ಲೂ ಎರಡು ಉತ್ತಮ ಊದುಗಳ ನಡುವೆ 150 ಮಿ.ಲೀ.ವರೆಗೆ ವ್ಯತ್ಯಾಸ ಒಪ್ಪಿತ. ಅದಕ್ಕಿಂತ ಹೆಚ್ಚಿದ್ದರೆ ಇನ್ನೊಮ್ಮೆ ಊದಿಸಬೇಕು. ಹೋಲಿಸುವಾಗ ಎರಡೂ ಅಂಕಿಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂದಷ್ಟೇ ನೋಡಿದರೆ ಮೋಸಹೋಗುತ್ತೇವೆ: ಸದಾ ಕಾಲು ಲೀಟರ್ ಕಡಿಮೆ ತೋರಿಸುವ ಮೆಷಿನ್ ಕೂಡ ಚಂದಕ್ಕೆ ಒಟ್ಟಿಗೇ ಏರಿಳಿಯುತ್ತದೆ. ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ವಿವರಿಸಿದ ಹಾಗೆ, ಎರಡು ಮೆಷಿನ್‌ಗಳ ನಡುವೆ ಪ್ರತಿಯೊಬ್ಬರಿಗೆ ಬಂದ ವ್ಯತ್ಯಾಸವನ್ನು ಅವರ ಎರಡೂ ಅಂಕಿಗಳ ಸರಾಸರಿಯ ಎದುರಿಗೆ ಚುಕ್ಕಿ ಇಟ್ಟು ನೋಡುತ್ತೇನೆ. ಚುಕ್ಕಿಗಳೆಲ್ಲ ಸೊನ್ನೆಯ ಒಂದೇ ಬದಿಗೆ ಬಿದ್ದರೆ ಮೆಷಿನ್ ಆ ಕಡೆಗೆ ವಾಲಿದೆ ಎಂದರ್ಥ.

ಮೀನುಗಾರರಿಗೆ ನಾನು ಎರಡೂ ಅಂಕಿ ಪಕ್ಕಪಕ್ಕ ಬರೆದು ತೋರಿಸಿದೆ. ಅವರ ವ್ಯತ್ಯಾಸ ಒಪ್ಪಿತದೊಳಗೇ ಇತ್ತು.

ಬೆಳಿಗ್ಗೆ ಸರಿಯಿದ್ದ ಸಾಧನ ಕ್ಯಾಂಪ್ ಮುಗಿದ ಮೇಲಿನ ತಪಾಸಣೆಯಲ್ಲಿ ತಪ್ಪಿದರೆ ಮಾತ್ರ ಕೆಲಸ ಬೆಳೆಯುತ್ತದೆ. ಪ್ರತಿ ರೋಗಿಯ ಹೆಸರಿನ ಮುಂದೆ ಯಾವ ಸಾಧನದಲ್ಲಿ ಊದಿದ್ದು ಎಂದು ಬರೆದಿಡುವುದು ಇದಕ್ಕೇ. ಕೊನೆಯ ಸಲ ಸರಿ ಬಂದ ತಪಾಸಣೆಯ ನಂತರ ಆ ಸಾಧನದಲ್ಲಿ ಊದಿದವರಿಗೆಲ್ಲ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಕಳಿಸಿ, ಮತ್ತೆ ಊದಿಸುತ್ತೇವೆ. 'ನಾರ್ಮಲ್' ಬಂದವರನ್ನು ಮೊದಲು ಕರೆಸುತ್ತೇವೆ.