ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಹಡಗಿನಲ್ಲಿ: ಏಳು ರಾತ್ರಿ, ಬರೀ ನೀರು

ನಮ್ಮ ಭಾವನವರು ಅಟ್ಲಾಂಟಿಕ್ ಸಾಗರ ದಾಟಿದ್ದು ಹಾಸಿಗೆಯಲ್ಲಿ ಮಲಗಿಕೊಂಡೇ. ಏಳು ದಿನದಲ್ಲಿ ನಾಲ್ಕು ದಿನ ಅವರು ಎದ್ದು ಕೂರಲಿಲ್ಲ. ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ ಅಂತ ಹಡಗಿನ ಮೂತಿಯ ಹತ್ತಿರ, ಮೇಲಿನ ಡೆಕ್ಕಿನಲ್ಲಿ ಕ್ಯಾಬಿನ್ ಹಿಡಿದಿದ್ದರು. ವಾಂತಿಯ ಮಾತ್ರೆ ಸೂಟ್‌ಕೇಸಿನ ತಳದಲ್ಲಿತ್ತು. ಪರಿಚಯದ ಇನ್ನೆರಡು ಮನೆಯವರಿಂದಲೂ ಇದೇ ಕಥೆ ಕೇಳಿದೆ. ಇದು ಹಣೆಬರಹವಲ್ಲ, ಬುಕ್ ಮಾಡುವ ದಿನವೇ ಆಗುವ ತಪ್ಪು. ನಾನೂ ನಮ್ಮ ಮನೆಯವರೂ ಎರಡು ಸಲ ಈ ದಾರಿಯಲ್ಲಿ ಹೋಗಿದ್ದೇವೆ. ಕಲಿತದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಯಾವ ಹಡಗು, ಯಾವ ತಿಂಗಳು

ಸಾಗರ ದಾಟುವ ಪ್ರಯಾಣದಲ್ಲಿ ಎರಡು ಬಗೆ. ಒಂದು, ಕುನಾರ್ಡ್ ಕಂಪನಿಯ ಕ್ವೀನ್ ಮೇರಿ 2. ಇದು 2004ರಿಂದ ಓಡುತ್ತಿದೆ, 345 ಮೀಟರ್ ಉದ್ದ. ಇಂಗ್ಲೆಂಡಿನ ಸೌತಾಂಪ್ಟನ್‌ನಿಂದ ನ್ಯೂಯಾರ್ಕಿಗೆ ಸಾಮಾನ್ಯವಾಗಿ ಏಳು ರಾತ್ರಿ. ನಡುವೆ ಒಂದೂ ಊರಿಲ್ಲ. ಇನ್ನೊಂದು ಬಗೆ, ಬೇಸಿಗೆಯಲ್ಲಿ ಯುರೋಪಿನಲ್ಲಿ ಓಡುವ ಕ್ರೂಸ್ ಹಡಗುಗಳು ಚಳಿಗಾಲಕ್ಕೆ ಮುಂಚೆ ಕ್ಯಾರಿಬಿಯನ್ ಕಡೆ ಹೊರಡುವುದು, ವಸಂತದಲ್ಲಿ ಮತ್ತೆ ವಾಪಸ್ ಬರುವುದು. ಬಾರ್ಸಿಲೋನಾದಿಂದ ಕ್ಯಾನರಿ ದ್ವೀಪ ಮುಟ್ಟಿ ಫ್ಲಾರಿಡಾಕ್ಕೆ, ಹೀಗೆ. ಇದಕ್ಕೆ ಎರಡು ವಾರದ ಹತ್ತಿರ ಬೇಕು. ದಿನದ ಲೆಕ್ಕದಲ್ಲಿ ಅಗ್ಗ, ದಾರಿ ದಕ್ಷಿಣದ್ದಾದ್ದರಿಂದ ಬೆಚ್ಚಗೆ, ಸಮುದ್ರವೂ ಸಾಮಾನ್ಯವಾಗಿ ಶಾಂತ.

ಮೊದಲ ಸಲಕ್ಕೆ ನಾನು ಕ್ವೀನ್ ಮೇರಿಯನ್ನೇ ಹೇಳುತ್ತೇನೆ. ಈ ಒರಟು ಸಾಗರಕ್ಕೆಂದೇ ಕಟ್ಟಿದ ಹಡಗು ಅದು. ಮೂತಿ ಉದ್ದ, ಉಕ್ಕು ದಪ್ಪ, ನೀರಿನೊಳಗೆ ಹತ್ತು ಮೀಟರ್ ಇಳಿದಿರುತ್ತದೆ. ಜೂನ್, ಜುಲೈ, ಆಗಸ್ಟ್‌ನಲ್ಲಿ ಹೋಗಿ. ಡಿಸೆಂಬರ್, ಜನವರಿಯಲ್ಲಿ ರೇಟು ಇಳಿದಿರುತ್ತದೆ, ಆದರೆ ಆಗ ಉತ್ತರ ಅಟ್ಲಾಂಟಿಕ್ ಕೆರಳಿರುತ್ತದೆ. ಆ ಉಳಿತಾಯ ಬೇಡ.

ಯಾವಾಗಲೂ ಪೂರ್ವದಿಂದ ಪಶ್ಚಿಮಕ್ಕೆ ಹೋಗಿ. ಯಾಕೆ ಅಂತ ಗಡಿಯಾರದ ಹೆಜ್ಜೆಯಲ್ಲಿ ಹೇಳುತ್ತೇನೆ.

ಹೆಜ್ಜೆ 2: ವೀಸಾ

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಬ್ರಿಟನ್ ವೀಸಾ ಬೇಕು, ಅಮೆರಿಕದ ವೀಸಾ ಬೇಕು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗನ್ ವೀಸಾ ಬ್ರಿಟನ್ನಿಗೆ ನಡೆಯುವುದಿಲ್ಲ. ಯುರೋಪ್ ವೀಸಾ ಇದೆಯಲ್ಲ, ಸಾಕು ಅಂದುಕೊಂಡಿದ್ದ ಗಂಡ ಹೆಂಡತಿಯನ್ನು ಬೆಂಗಳೂರಿನ ವಿಮಾನ ನಿಲ್ದಾಣದಲ್ಲೇ ತಡೆದರು. ಹಡಗಿನ ದುಡ್ಡೂ ವಾಪಸ್ ಬರಲಿಲ್ಲ. ಕೆಲವು ಪ್ರಯಾಣಗಳು ಜರ್ಮನಿಯ ಹ್ಯಾಂಬರ್ಗ್ ಅಥವಾ ಫ್ರಾನ್ಸಿನ ಲ ಹಾವ್ರ್ ಮುಟ್ಟುತ್ತವೆ. ಆಗ ಷೆಂಗನ್ ಕೂಡ ಬೇಕು.

ಅಮೆರಿಕದಲ್ಲಿ ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವ ಮಕ್ಕಳು ಅಲ್ಲಿಂದ ಹಡಗು ಹತ್ತುವುದಾದರೆ ಇನ್ನೊಂದು ವಿಷಯ. ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ಅವಧಿ ಮುಗಿದಿದ್ದರೂ ಕೆನಡಾ, ಮೆಕ್ಸಿಕೊಗೆ ಹೋಗಿ ಮೂವತ್ತು ದಿನದೊಳಗೆ ಬರಲು ಅವಕಾಶವಿದೆ. ಅದನ್ನೇ ನಂಬಿಕೊಂಡು ಇಂಗ್ಲೆಂಡಿಗೆ ಹೋಗಬೇಡಿ. ವಾಪಸ್ ಹಡಗು ಹತ್ತಲು ಬಿಡುವುದಿಲ್ಲ. ಗ್ರೀನ್ ಕಾರ್ಡ್ ಇದ್ದರೂ ಭಾರತದ ಪಾಸ್‌ಪೋರ್ಟಿಗೆ ಬ್ರಿಟನ್ ವೀಸಾ ತಪ್ಪಿದ್ದಲ್ಲ.

ವೀಸಾ ಕೈಗೆ ಬಂದ ಮೇಲೇ ಪೂರ್ತಿ ದುಡ್ಡು ಕಟ್ಟಿ.

ಹೆಜ್ಜೆ 3: ಕ್ಯಾಬಿನ್. ಎಲ್ಲರೂ ಎಡವುವುದು ಇಲ್ಲೇ

ಇದನ್ನು ನಿಧಾನವಾಗಿ ಓದಿ. ನಿಮ್ಮ ಏಳು ದಿನ ಹೇಗಿರುತ್ತದೆ ಅನ್ನುವುದು ಇಲ್ಲೇ ತೀರ್ಮಾನವಾಗುತ್ತದೆ.

ಹಡಗು ಮುಖ್ಯವಾಗಿ ಎರಡು ಥರ ಅಲ್ಲಾಡುತ್ತದೆ. ಒಂದು, ತೊಟ್ಟಿಲ ಹಾಗೆ ಎಡಕ್ಕೂ ಬಲಕ್ಕೂ ಹೊರಳುವುದು. ಇದನ್ನು ತಗ್ಗಿಸಲು ಹಡಗಿನ ಹೊಟ್ಟೆಯ ಎರಡೂ ಪಕ್ಕದಲ್ಲಿ ಮೀನಿನ ರೆಕ್ಕೆಯಂತೆ ಚಾಚಿಕೊಳ್ಳುವ ಸ್ಟೆಬಿಲೈಸರ್‌ಗಳಿವೆ. ಕ್ವೀನ್ ಮೇರಿಗೆ ಅಂಥವು ನಾಲ್ಕು. ಇನ್ನೊಂದು, ಮೂತಿ ಮೇಲೆದ್ದು ಬಾಲ ಕೆಳಗಿಳಿಯುವುದು, ಆಮೇಲೆ ಬಾಲ ಎದ್ದು ಮೂತಿ ಇಳಿಯುವುದು. ಪಾರ್ಕಿನಲ್ಲಿ ಮಕ್ಕಳು ಆಡುವ ಸೀಸಾದ ಹಾಗೆ. ಇದಕ್ಕೆ ಯಾವ ರೆಕ್ಕೆಯೂ ಉಪಯೋಗಕ್ಕೆ ಬರುವುದಿಲ್ಲ. ಪಶ್ಚಿಮಕ್ಕೆ ಹೋಗುವಾಗ ಅಲೆ ಮುಂದಿನಿಂದ ಬರುವುದೇ ಜಾಸ್ತಿ, ಹಾಗಾಗಿ ಈ ಎರಡನೆಯ ಆಟವೇ ಹೆಚ್ಚು.

ಸೀಸಾದ ತುದಿಯಲ್ಲಿ ಕೂತವರು ಮೇಲೆ ಕೆಳಗೆ ಹೋಗುತ್ತಾರೆ. ನಡುವೆ ಕೂತವರು ಅಲ್ಲೇ ಇರುತ್ತಾರೆ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಚಾರ್ಮಾಡಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎತ್ತರಕ್ಕೆ ಹೋದಷ್ಟೂ ಹೊರಳಾಟ ಜಾಸ್ತಿ. ತೆಂಗಿನ ಮರದ ಬುಡ ಅಲ್ಲಾಡುವುದಿಲ್ಲ, ತಲೆ ಅಲ್ಲಾಡುತ್ತದೆ, ಅಲ್ವಾ? ಹಾಗೆಯೇ ಇದೂ. ಆದ್ದರಿಂದ ಕ್ಯಾಬಿನ್ ಹಡಗಿನ ಉದ್ದದಲ್ಲಿ ನಡುಮಧ್ಯ ಇರಬೇಕು, ಎತ್ತರದಲ್ಲಿ ಕೆಳಗೆ ಇರಬೇಕು.

ಬುಕ್ ಮಾಡುವ ಮೊದಲು ಹಡಗಿನ ನಕ್ಷೆ ತೆರೆಯಿರಿ. ಪ್ರತಿ ಡೆಕ್ಕಿನ ನಕ್ಷೆ ಕಂಪನಿಯ ಸೈಟಿನಲ್ಲೇ ಸಿಗುತ್ತದೆ. ಕ್ಯಾಬಿನ್ ನಂಬರ್ ಹುಡುಕಿ, ಮೂತಿಯಿಂದ ಬಾಲದವರೆಗೆ ಅಳೆದು, ಅರ್ಧದ ಆಸುಪಾಸು ಇದೆಯಾ ನೋಡಿ. ಅದರ ನೇರ ಮೇಲೆ, ನೇರ ಕೆಳಗೆ ಏನಿದೆ ಅಂತಲೂ ನೋಡಿ. ಮೇಲೆ ಅಡುಗೆಮನೆಯೋ ಡ್ಯಾನ್ಸ್ ಹಾಲೋ ಇದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಮೇಲೂ ಕೆಳಗೂ ಕ್ಯಾಬಿನ್‌ಗಳೇ ಇದ್ದರೆ ಒಳ್ಳೆಯದು.

ಕ್ವೀನ್ ಮೇರಿಯಲ್ಲಿ ನನ್ನ ಆಯ್ಕೆ 5ನೆಯ ಡೆಕ್ಕಿನ ನಡುಭಾಗ. 4, 5, 6ನೆಯ ಡೆಕ್ಕುಗಳ ಬಾಲ್ಕನಿಗಳು ಹೊರಕ್ಕೆ ಚಾಚಿಲ್ಲ, ಹಡಗಿನ ಉಕ್ಕಿನ ಗೋಡೆಯಲ್ಲೇ ಕಿಂಡಿ ಕೊರೆದ ಹಾಗಿವೆ. ಕೂತರೆ ಎದುರಿನ ಉಕ್ಕಿನ ಗೋಡೆಯೇ ಜಾಸ್ತಿ ಕಾಣುತ್ತದೆ ಅಂತ ಕೆಲವರು ಬೇಡ ಅನ್ನುತ್ತಾರೆ. ಆದರೆ ಗಾಳಿ ಹೊಡೆಯುವುದಿಲ್ಲ. ಎದ್ದು ನಿಂತರೆ ಸಮುದ್ರ ಹತ್ತಿರದಲ್ಲೇ ಇರುತ್ತದೆ. ಬೆಳಿಗ್ಗೆ ಶಾಲು ಹೊದ್ದು ಕಾಫಿ ಕುಡಿಯಲು ಇದಕ್ಕಿಂತ ಒಳ್ಳೆಯ ಜಾಗ ಆ ಹಡಗಿನಲ್ಲಿಲ್ಲ. 8ನೆಯ ಡೆಕ್ಕಿನ ಹಲವು ಬಾಲ್ಕನಿಗಳ ಮುಂದೆ ಲೈಫ್‌ಬೋಟ್ ನೇತಾಡುತ್ತಿರುತ್ತದೆ, ದುಡ್ಡು ಕೊಡುವ ಮೊದಲು ಕೇಳಿಕೊಳ್ಳಿ. ಬಜೆಟ್ ಸಾಲದಿದ್ದರೆ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ ಆದರೂ ಸರಿ, ನಡುಭಾಗದಲ್ಲಿ ತಗೊಳ್ಳಿ.

‘ಗ್ಯಾರಂಟಿ’ ಅಂತ ಒಂದು ಅಗ್ಗದ ಟಿಕೆಟ್ ಇರುತ್ತದೆ. ಕ್ಯಾಬಿನ್ ಯಾವುದು ಅಂತ ಕಂಪನಿಯೇ ಕೊನೆಯಲ್ಲಿ ಆರಿಸುತ್ತದೆ. ಬೇಗ ತಲೆ ಸುತ್ತುವವರು ಇದರ ಹತ್ತಿರವೂ ಹೋಗಬಾರದು. ಏಜೆಂಟರು ಇದನ್ನೇ ಮುಂದೆ ಮಾಡಿದರೆ, ನಂಬರ್ ಹೇಳಿ ಆಮೇಲೆ ಮಾತಾಡೋಣ ಅನ್ನಿ. ದರ ತಲೆಗೆ ಇಷ್ಟು ಅಂತ ಹಾಕಿದ್ದರೆ ಅದು ಇಬ್ಬರು ಸೇರಿ ಉಳಿಯುವ ಲೆಕ್ಕ. ಒಬ್ಬರೇ ಹೋದರೆ ತುಂಬಾ ಹೆಚ್ಚು ಬೀಳುತ್ತದೆ.

ಹೆಜ್ಜೆ 4: ತಲೆಸುತ್ತು, ವಾಕರಿಕೆ

ನೆಲ ಅಲ್ಲಾಡುತ್ತಿದೆ ಅಂತ ಒಳಕಿವಿ ಹೇಳುತ್ತದೆ. ಇಲ್ಲ, ಗೋಡೆ ನಿಂತಲ್ಲೇ ಇದೆ ಅಂತ ಕಣ್ಣು ಹೇಳುತ್ತದೆ. ಈ ಜಗಳದಿಂದಲೇ ವಾಕರಿಕೆ. ಹಾಗಾಗಿ ಹೊರಗೆ ಬಂದು, ನೀರೂ ಆಕಾಶವೂ ಸೇರುವ ಗೆರೆಯನ್ನು ನೋಡಬೇಕು. ಆಗ ಕಣ್ಣು ಕಿವಿ ಎರಡೂ ಒಂದೇ ಮಾತು ಹೇಳುತ್ತವೆ. ಕ್ಯಾಬಿನ್ನಿನಲ್ಲಿ ಮೊಬೈಲ್ ನೋಡುತ್ತಾ ಮಲಗುವುದು ಅತಿ ಕೆಟ್ಟದ್ದು. ಎಲ್ಲರೂ ಅದನ್ನೇ ಮಾಡುತ್ತಾರೆ.

ಮಾತ್ರೆಯನ್ನು ವಾಕರಿಕೆ ಬಂದ ಮೇಲೆ ತಗೊಂಡರೆ ಅದೇ ವಾಂತಿಯಲ್ಲಿ ಹೊರಗೆ ಬರುತ್ತದೆ. ಹಡಗು ಹೊರಡುವ ಮೊದಲೇ ತಗೊಳ್ಳಬೇಕು. ನಮ್ಮಲ್ಲಿ ಸಿಗುವ ಅವೋಮಿನ್ ಆಗಬಹುದು, ಆದರೆ ನಿಮ್ಮ ಡಾಕ್ಟರನ್ನು ಕೇಳಿ. ಗ್ಲಾಕೋಮಾ ಇರುವವರು, ಪ್ರಾಸ್ಟೇಟ್ ತೊಂದರೆ ಇರುವ ಗಂಡಸರು ಕೇಳದೆ ಮುಟ್ಟಲೇಬಾರದು. ಆ ಮಾತ್ರೆಯಿಂದ ನಿದ್ದೆ ಬರುತ್ತದೆ. ಊರಿನಲ್ಲಿರುವಾಗಲೇ ಒಂದು ರಾತ್ರಿ ತಗೊಂಡು ನಿಮ್ಮ ಮೈಗೆ ಹೇಗಾಗುತ್ತದೆ ಅಂತ ನೋಡಿ. ಅದರ ಜೊತೆ ಮದ್ಯ ಬೇಡ.

ಮಣಿಕಟ್ಟಿಗೆ ಕಟ್ಟುವ ಗುಂಡಿಯ ಪಟ್ಟಿ ಮಾರುತ್ತಾರೆ. ಮೂವರು ಕಟ್ಟಿಕೊಂಡಿದ್ದನ್ನು ನೋಡಿದೆ, ಮೂವರಿಗೂ ವಾಂತಿಯಾಯಿತು. ಆ ದುಡ್ಡಿಗೆ ಒಣಶುಂಠಿ ತಗೊಳ್ಳಿ. ಹೊಟ್ಟೆ ಖಾಲಿ ಬಿಡಬೇಡಿ. ಬ್ರೆಡ್ಡು, ಹಸಿರು ಸೇಬು, ಅನ್ನ, ಏನಾದರೂ ಸ್ವಲ್ಪ ಸ್ವಲ್ಪ ಹೋಗುತ್ತಿರಬೇಕು. ಎರಡು ಮೂರು ದಿನದಲ್ಲಿ ಬಹಳ ಜನರ ಮೈ ಒಗ್ಗಿಕೊಳ್ಳುತ್ತದೆ.

ಹೆಜ್ಜೆ 5: ಪೆಟ್ಟಿಗೆ ಕಟ್ಟುವುದು

ಇಸ್ತ್ರಿಪೆಟ್ಟಿಗೆ, ರೈಸ್ ಕುಕ್ಕರ್, ನೀರು ಕಾಯಿಸುವ ಕೆಟಲ್, ಎಕ್ಸ್‌ಟೆನ್ಶನ್ ಬಾಕ್ಸ್ ಬೇಡ, ತೆಗೆದಿಡುತ್ತಾರೆ. ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಳ್ಳುವ ಕೋಣೆ ಹಡಗಿನಲ್ಲೇ ಇದೆ. ಮನೆಯಲ್ಲಿ ಮಾಡಿದ ತಿಂಡಿಯ ಬದಲು ಅಂಗಡಿಯ ಸೀಲ್ ಒಡೆಯದ ಚಟ್ನಿಪುಡಿ, ಕೋಡುಬಳೆ ಒಯ್ಯಿರಿ. ಸಸ್ಯಾಹಾರ ಬೇಕು ಅಂತ ಬುಕ್ ಮಾಡುವಾಗಲೇ ಬರೆಸಿ. ಊಟದ ಹಾಲಿನಲ್ಲಿ ಮೊದಲ ದಿನವೇ ಇನ್ನೊಮ್ಮೆ ಹೇಳಿ. ಇಂಥ ಹಡಗುಗಳಲ್ಲಿ ಗೋವಾ, ಮಂಗಳೂರು ಕಡೆಯ ಹುಡುಗರು ಕೆಲಸಕ್ಕಿರುತ್ತಾರೆ. ಅವರ ಹತ್ತಿರ ಮಾತಾಡಿ, ಖುಷಿಪಡುತ್ತಾರೆ.

ಕ್ವೀನ್ ಮೇರಿಯಲ್ಲಿ ಸಂಜೆ ಆರರ ಮೇಲೆ ಚೆನ್ನಾಗಿ ಉಡಬೇಕು. ಗಾಲಾ ರಾತ್ರಿ ಅಂತ ಕೆಲವು ಇರುತ್ತವೆ, ಅವತ್ತು ಇನ್ನೂ ಚೆನ್ನಾಗಿ. ಕಪ್ಪು ಸೂಟು ಬಾಡಿಗೆಗೆ ಹುಡುಕಬೇಡಿ. ರೇಷ್ಮೆ ಸೀರೆ ಉಡಿ, ಗಂಡಸರು ಬಂದ್‌ಗಲಾ ಹಾಕಲಿ. ಜೂನ್ ತಿಂಗಳಾದರೂ ಡೆಕ್ಕಿನ ಮೇಲೆ ಕೊರೆಯುವ ಗಾಳಿ. ಹಡಗು ಗಂಟೆಗೆ ಸುಮಾರು 37 ಕಿ.ಮೀ. ವೇಗದಲ್ಲಿ ಗಾಳಿಗೆ ಎದುರಾಗಿ ಹೋಗುತ್ತಿರುತ್ತದೆ. ವಿಂಡ್‌ಚೀಟರ್, ಮಂಕಿ ಕ್ಯಾಪ್ ಬೇಕೇ ಬೇಕು.

ದಿನದ ಮಾತ್ರೆಗಳು, ವಾಂತಿಯ ಮಾತ್ರೆ, ಕನ್ನಡಕ, ಪಾಸ್‌ಪೋರ್ಟ್ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವ ಹೊತ್ತಿಗೆ ಸಂಜೆಯಾಗಬಹುದು. ಔಷಧಿ ಒಂದು ವಾರದ್ದು ಹೆಚ್ಚಿಗೆ ಇರಲಿ. ಸಾಗರದ ನಟ್ಟನಡುವೆ ಹೆಲಿಕಾಪ್ಟರ್ ಕೂಡ ಬರಲಾರದು. ಹಡಗಿನಲ್ಲಿ ಆಸ್ಪತ್ರೆ, ಡಾಕ್ಟರು ಇದ್ದಾರೆ, ಬಿಲ್ಲು ಡಾಲರಿನಲ್ಲಿ ಬರುತ್ತದೆ. ಹಡಗಿನ ಪ್ರಯಾಣಕ್ಕೂ ಅನ್ವಯಿಸುವ ವಿಮೆ ಮಾಡಿಸಿ.

ಬ್ಯಾಂಕಿನ ಕೆಲಸ, ಕರೆಂಟು ಬಿಲ್ಲು ಎಲ್ಲ ಮೊದಲೇ ಮುಗಿಸಿ. ಸಾಗರದ ನಡುವೆ ಒಟಿಪಿ ಬರುತ್ತದೆ ಅಂತ ನಂಬಬೇಡಿ. ಹತ್ತಿದ ಕೂಡಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಇಲ್ಲದಿದ್ದರೆ ಅದು ಹಡಗಿನ ಸ್ವಂತ ಟವರಿಗೆ ಸೇರಿಕೊಂಡು ರೋಮಿಂಗ್ ಬಿಲ್ಲು ಏರಿಸುತ್ತದೆ.

ಹೆಜ್ಜೆ 6: ಹತ್ತುವ ದಿನ

ಹಿಂದಿನ ದಿನವೇ ಸೌತಾಂಪ್ಟನ್ ಸೇರಿ. ಅವತ್ತೇ ಲಂಡನ್ನಿನಲ್ಲಿ ಇಳಿದು ಹಡಗು ಹಿಡಿಯುತ್ತೇನೆ ಅನ್ನಬೇಡಿ, ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಹತ್ತಿದ ಮೇಲೆ ಲೈಫ್ ಜಾಕೆಟ್ ತಾಲೀಮು ಇರುತ್ತದೆ, ಶ್ರದ್ಧೆಯಿಂದ ಮಾಡಿ. 1912ರಲ್ಲಿ ಟೈಟಾನಿಕ್ ಹೊರಟದ್ದು ಇದೇ ಬಂದರಿನಿಂದ. ಹಡಗಿನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದ 1914ರಲ್ಲಿ ಆದದ್ದು ಆ ದುರಂತದಿಂದಲೇ.

ಹೆಜ್ಜೆ 7: ಗಡಿಯಾರ

ಲಂಡನ್ನಿಗೂ ನ್ಯೂಯಾರ್ಕಿಗೂ ಐದು ಗಂಟೆ ವ್ಯತ್ಯಾಸ. ಪಶ್ಚಿಮಕ್ಕೆ ಹೋಗುವಾಗ ಏಳರಲ್ಲಿ ಐದು ರಾತ್ರಿ ಗಡಿಯಾರವನ್ನು ಒಂದೊಂದು ಗಂಟೆ ಹಿಂದಕ್ಕೆ ಇಡುತ್ತಾರೆ. ದಿನಕ್ಕೆ 25 ಗಂಟೆ. ಒಂದು ಗಂಟೆ ಹೆಚ್ಚು ನಿದ್ದೆ. ವಿಮಾನದಲ್ಲಿ ಇಳಿದವರ ಹಾಗೆ ರಾತ್ರಿ ಎರಡಕ್ಕೆ ಎದ್ದು ಕೂರುವ ಕಾಟ ಇಲ್ಲ. ಪೂರ್ವಕ್ಕೆ ಬಂದರೆ ಇದೇ ಐದು ಗಂಟೆ ಕಳೆದುಕೊಳ್ಳುತ್ತೀರಿ.

ನೆಟ್‌ವರ್ಕ್ ಇಲ್ಲದ ಫೋನು ತಾನಾಗಿ ಬದಲಾಗುವುದಿಲ್ಲ. ಕೈಗಡಿಯಾರ ಕಟ್ಟಿ, ರಾತ್ರಿ ಕ್ಯಾಬಿನ್ನಿಗೆ ಬರುವ ಚೀಟಿ ನೋಡಿ ತಿರುಗಿಸಿ. ಇನ್ಸುಲಿನ್ ತಗೊಳ್ಳುವವರು ಈ 25 ಗಂಟೆಯ ಲೆಕ್ಕವನ್ನು ಡಾಕ್ಟರ ಹತ್ತಿರ ಬರೆಸಿಕೊಂಡೇ ಹೊರಡಬೇಕು.

ಹೆಜ್ಜೆ 8: ಸಮುದ್ರದ ದಿನಗಳು

ಮೂರನೆಯ ದಿನ ಕೆಲವರಿಗೆ ಬೇಜಾರು ಶುರುವಾಗುತ್ತದೆ. ಎತ್ತ ನೋಡಿದರೂ ಬೂದು ನೀರು. ಆಗ 7ನೆಯ ಡೆಕ್ಕಿಗೆ ಹೋಗಿ ನಡೆಯಿರಿ. ಇಡೀ ಹಡಗನ್ನು ಸುತ್ತುವ ಹಾದಿ ಅಲ್ಲಿದೆ, ಒಂದು ಸುತ್ತು ಸುಮಾರು 600 ಮೀಟರ್. ಲೈಬ್ರರಿ ಇದೆ, ನಕ್ಷತ್ರ ತೋರಿಸುವ ತಾರಾಲಯವೂ ಇದೆ. ನ್ಯೂಫೌಂಡ್‌ಲ್ಯಾಂಡ್ ಹತ್ತಿರ ಬಂದಾಗ ಉತ್ತರದ ತಣ್ಣನೆಯ ಪ್ರವಾಹ, ದಕ್ಷಿಣದ ಬೆಚ್ಚನೆಯ ಪ್ರವಾಹ ಸೇರಿ ದಟ್ಟ ಮಂಜು ಕವಿಯುತ್ತದೆ. ಹಡಗು ಎರಡು ನಿಮಿಷಕ್ಕೊಮ್ಮೆಯಾದರೂ ಹಾರ್ನ್ ಊದಲೇಬೇಕು, ಅದು ಸಮುದ್ರದ ನಿಯಮ. ರಾತ್ರಿ ಆ ದನಿ ಕೇಳಿ ಹೆದರಬೇಡಿ. ಟೈಟಾನಿಕ್ ಮಲಗಿರುವುದು ಇದೇ ಕಡೆ, ಸುಮಾರು 3,800 ಮೀಟರ್ ಆಳದಲ್ಲಿ. ನಾನು ಅವತ್ತು ರೇಲಿಂಗ್ ಹಿಡಿದು ತುಂಬಾ ಹೊತ್ತು ಸುಮ್ನೆ ನಿಂತಿದ್ದೆ.

ಊಟಕ್ಕೆ ಮುಂಚೆ ಸೋಪು ಹಾಕಿ ಕೈ ತೊಳೆಯಿರಿ. ಹಡಗಿನಲ್ಲಿ ಹರಡುವ ನೊರೊವೈರಸ್ ಎಂಬ ವಾಂತಿಭೇದಿಗೆ ಸ್ಯಾನಿಟೈಸರ್ ಸಾಲದು.

ಹೆಜ್ಜೆ 9: ಇಳಿಯುವುದು

ಕೊನೆಯ ರಾತ್ರಿ ಪೆಟ್ಟಿಗೆಯನ್ನು ಬಾಗಿಲ ಹೊರಗಿಡಬೇಕು, ಅವರೇ ಒಯ್ಯುತ್ತಾರೆ. ಬೆಳಿಗ್ಗೆ ಹಾಕಲು ಒಂದು ಜೊತೆ ಬಟ್ಟೆ, ಚಪ್ಪಲಿ ಒಳಗೆ ಇಟ್ಟುಕೊಳ್ಳಿ. ರಾತ್ರಿ ಬಟ್ಟೆಯಲ್ಲೇ ಇಳಿಯಬೇಕಾಗಿ ಬಂದ ಒಬ್ಬ ಹೆಂಗಸು ಅತ್ತಿದ್ದನ್ನು ಕಂಡಿದ್ದೇನೆ.

ನಾಲ್ಕೂವರೆಗೆ ಅಲಾರಂ ಇಟ್ಟು ಮೇಲಕ್ಕೆ ಹೋಗಿ. ಕತ್ತಲಲ್ಲಿ ಹಡಗು ನ್ಯೂಯಾರ್ಕ್ ಬಂದರಿನ ಬಾಯಲ್ಲಿರುವ ವೆರಜಾನೊ ಸೇತುವೆಯ ಕೆಳಗೆ ನುಸುಳುತ್ತದೆ. ಚಿಮಣಿಗೂ ಸೇತುವೆಗೂ ನಡುವೆ ಕೆಲವೇ ಮೀಟರ್ ಜಾಗ, ಈಗ ತಾಗುತ್ತದೆ ಅನ್ನಿಸುತ್ತದೆ. ಆಮೇಲೆ ಲಿಬರ್ಟಿ ಪ್ರತಿಮೆಯ ದೀಪ, ಮ್ಯಾನ್‌ಹಟನ್ನಿನ ಸಾಲು. ಹಡಗು ನಿಲ್ಲುವುದು ಬ್ರೂಕ್ಲಿನ್ನಿನಲ್ಲಿ. ಹಣ್ಣು ಚೀಲದಲ್ಲಿ ಇಟ್ಟುಕೊಂಡು ಇಳಿಯಬೇಡಿ. ತಿಂಡಿ ಏನಿದ್ದರೂ ಕಸ್ಟಮ್ಸಿನಲ್ಲಿ ಹೇಳಿಬಿಡಿ.

ಇಳಿದ ಮೇಲೂ ಒಂದೆರಡು ದಿನ ನೆಲ ತೂಗಿದ ಹಾಗೆ ಆಗುತ್ತದೆ. ಅದು ಕಾಯಿಲೆಯಲ್ಲ, ಒಗ್ಗಿಕೊಂಡ ಮೈ ಮತ್ತೆ ನೆಲಕ್ಕೆ ಒಗ್ಗುತ್ತಿರುವುದು. ಅವತ್ತು ಕಾರು ಓಡಿಸಬೇಡಿ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿ ತಲೆಗೆ ನೀರು ಹಾಕಿಕೊಳ್ಳುವಾಗ ಒಂದು ಕೈ ಗೋಡೆಯ ಮೇಲಿರಲಿ.